ಓದುವುದೂ ಅರಿಯುವುದೂ

ಓದು ಎಂಬ ಎರಡಕ್ಷರದ ಮಾತಿನೊಳಗೆ ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಅಡಕಮಾಡಿರುವೆವು. ಬರೆದ ಅಕ್ಷರಗಳನ್ನು ಕಂಡು ಬಾಯಿಂದ ತಕ್ಕ ಧ್ವನಿಯನ್ನು ಹೊರಡಿಸುವುದು ಒಂದು. ಆ ಧ್ವನಿಗಳ ಹಿಂದಿರುವ ಅಭಿಪ್ರಾಯವನ್ನು ಮನಸ್ಸಿನಲ್ಲಿ ಹಿಡಿದು ನಿಲ್ಲಿಸಿಕೊಳ್ಳುವುದು ಮತ್ತೊಂದು. ಮೊದಲನೆಯದು ಕಣ್ಣು ನಾಲಗೆಗಳ ವ್ಯಾಪಾರ. ಎರಡನೆಯದು ಬುದ್ಧಿಯ ವ್ಯಾಪಾರ. ಎರಡಕ್ಕೂ ಒಂದೇ ಹೆಸರಿರುವುದರಿಂದ, ಮೊದಲನೆಯದು ಕೈಗೂಡಿದೊಡನೆ ಎರಡನೆಯದೂ ಕೈಗೂಡಿತೆಂದು ತಂದೆತಾಯಿಗಳು ನೆಮ್ಮದಿಗೊಳ್ಳುವರು. ಮಗು ವರ್ತಮಾನಪತ್ರಿಕೆಯ ಒಂದು ಅಂಕಣವನ್ನು ತಡೆಯಿಲ್ಲದೆ ಓದಿದರೆ ಸಾಕು, ಅದರ ವಿದ್ಯೆಯ ಚಿಂತೆ ತೀರಿತೆಂದು ಭಾವಿಸುವರು. ಈ ಭಾವನೆ ಎಷ್ಟು ಅಪಾಯಕರವೆಂಬುದನ್ನೂ, ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಪರಿಹಾರವೇನೆಂಬುದನ್ನೂ ಗೃಹಸ್ಥರ ಮುಂದಿಡುವುದು ಈ ಲೇಖನದ ಉದ್ದೇಶವು.

ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ಈಗ ವಿಶ್ರಾಂತನಾಗಿರುವೆನು. ನನ್ನ ವಾಸವು ಕಲಬುರಗಿಯ ರೋಜಾ ಭಾಗದಲ್ಲಿ. ೧೪೨೨ರಲ್ಲಿ ದೇಹಬಿಟ್ಟ ಖ್ವಾಜಾ ಬಂದೇ ನವಾಜರ ಸಮಾಧಿಯಿರುವುದರಿಂದ ಈ ಭಾಗಕ್ಕೆ ಆ ಹೆಸರು ಬಂದಿರುವುದು. ಇಲ್ಲಿಯ ಓಣಿಗಳಲ್ಲಿ ದಖನಿಯನ್ನಾಡುವ ಮನೆಯ ಪಕ್ಕದಲ್ಲಿ ಕನ್ನಡದ ಮನೆ, ಅದರಾಚೆ ಮರಾಠಿಯದೋ ತೆಲುಗಿನದೋ ಇನ್ನೊಂದು ಮನೆ. ಒಂದೇ ಅಂಗಡಿಯ ಹಲಗೆಯ ಮೇಲೆ ಎರಡು ಮೂರು ಲಿಪಿಗಳು. ಸಂಜೆಯ ಹೊತ್ತು ಅಕ್ಕಪಕ್ಕದ ಏಳೆಂಟು ಮಕ್ಕಳು ಪುಸ್ತಕ ಹಿಡಿದು ನಮ್ಮ ಪಡಸಾಲೆಗೆ ಬರುವರು. ಅವರ ಓದನ್ನು ಕೇಳುತ್ತ ಕುಳಿತಿರುವಾಗ ನನಗೆ ತಿಳಿದುಬಂದ ಸಂಗತಿಗಳೇ ಇಲ್ಲಿಯ ವಿಷಯ.

ನೆರೆಮನೆಯ ಒಬ್ಬ ಬಾಲಿಕೆಯಿರುವಳು. ಮನೆಯಲ್ಲಿ ಆಡುವುದು ದಖನಿ, ಶಾಲೆಯಲ್ಲಿ ಓದುವುದು ಕನ್ನಡ, ಏಳನೆಯ ತರಗತಿ. ಕನ್ನಡ ಪಾಠವನ್ನು ಅವಳು ಓದಿದರೆ ಒಂದು ಒತ್ತಕ್ಷರವಾಗಲಿ ಒಂದು ದೀರ್ಘವಾಗಲಿ ತಪ್ಪುವಂತಿಲ್ಲ. ಒಂದು ಪುಟ ಮುಗಿದ ಮೇಲೆ "ಏನು ಹೇಳಿದೆ ಇದರಲ್ಲಿ?" ಎಂದು ಕೇಳಿದೆನು. ಅವಳು ಪುಸ್ತಕವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಓದಿದೆನಲ್ಲಾ, ಮಾಸ್ತರ್ ಸಾಬ್" ಎಂದಳು. ಅವಳ ದೃಷ್ಟಿಯಲ್ಲಿ ಕೆಲಸ ಮುಗಿದಿತ್ತು.

ಅದೇ ಬಾಲಿಕೆ ಮತ್ತೊಂದು ದಿನ ತನ್ನ ಅಣ್ಣನ ಉರ್ದು ಪುಸ್ತಕವನ್ನು ತಂದು ಓದತೊಡಗಿದಳು. ಉರ್ದು ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಧಾರಣವಾಗಿ ಬರೆಯುವುದಿಲ್ಲ. ಜೇರ್, ಜಬರ್, ಪೇಶ್ ಎಂಬ ಸ್ವರಚಿಹ್ನೆಗಳು ಬಾಲಬೋಧೆಗಳಲ್ಲಿ ಇರುವುವೇ ಹೊರತು ದೊಡ್ಡವರ ಪುಸ್ತಕಗಳಲ್ಲಿ ಇರುವುದಿಲ್ಲ. ಅಲಿಫ್ ಮತ್ತು ಸೀನ್ ಎಂಬ ಎರಡಕ್ಷರಗಳನ್ನು ಕೂಡಿಸಿ ಬರೆದರೆ ಅದನ್ನು 'ಇಸ್' ಎಂದೂ ಓದಬಹುದು, 'ಉಸ್' ಎಂದೂ ಓದಬಹುದು. ಮೊದಲನೆಯದಕ್ಕೆ 'ಈ' ಎಂದೂ ಎರಡನೆಯದಕ್ಕೆ 'ಆ' ಎಂದೂ ಅರ್ಥ. ಹುಡುಗಿ 'ಇಸ್' ಎಂದು ಓದಿ, ನಾಲ್ಕು ಪದ ಮುಂದೆ ಹೋಗಿ, ತಟ್ಟನೆ ನಿಂತು, ಹಿಂದಕ್ಕೆ ಬಂದು, 'ಉಸ್' ಎಂದು ತಿದ್ದಿಕೊಂಡಳು. ಅವಳಿಗೆ ಯಾರೂ ಹೇಳಲಿಲ್ಲ. ವಾಕ್ಯದ ಅರ್ಥವೇ ಅವಳ ಕಿವಿ ಹಿಡಿದು ಹಿಂದಕ್ಕೆ ಕರೆದುಕೊಂಡು ಬಂದಿತು.

ಈ ಎರಡು ದಿನಗಳ ಓದನ್ನು ಹೋಲಿಸಿ ನೋಡಿದಾಗ ನನಗೆ ಒಂದು ತತ್ತ್ವವು ಹೊಳೆಯಿತು. ನಮ್ಮ ಕನ್ನಡ ಲಿಪಿಯು ಧ್ವನಿಗೆ ತಕ್ಕಂತೆ ಇರುವುದು. ಬರೆದಂತೆ ಓದಬಹುದು, ಓದಿದಂತೆ ಬರೆಯಬಹುದು. ಇದು ನಮ್ಮ ಲಿಪಿಯ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಗುಣದ ಮರೆಯಲ್ಲಿಯೇ ಒಂದು ದೋಷವು ಅಡಗಿ ಕುಳಿತಿರುವುದು. ಕನ್ನಡವನ್ನು ಅರ್ಥದ ಸೋಂಕಿಲ್ಲದೆಯೇ ಶುದ್ಧವಾಗಿ ಓದಬಹುದು. ಅರ್ಥ ತಿಳಿದವನ ಓದೂ ತಿಳಿಯದವನ ಓದೂ ಕೇಳುವವನ ಕಿವಿಗೆ ಒಂದೇ ಆಗಿರುವುವು. ಉರ್ದುವಿನಲ್ಲಿ ಅರ್ಥ ತಿಳಿಯದವನ ನಾಲಗೆ ತೊಡರುವುದು. ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ಕನ್ನಡದಲ್ಲಿ ತೊಡರುವುದಿಲ್ಲ. ಆದುದರಿಂದಲೇ ಅವನಿಗೆ ತಿಳಿಯದೆಂಬುದು ಮಾಸ್ತರರಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ. ಬಹಳ ಸಲ ಅವನಿಗೇ ಗೊತ್ತಾಗುವುದಿಲ್ಲ.

ಹಿಂದಿನ ಕಾಲದಲ್ಲಿ ನಮ್ಮ ಬರೆವಣಿಗೆ ಇಷ್ಟು ಸುಲಭವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಶಿಲಾಶಾಸನಗಳಲ್ಲಿಯೂ ತಾಳೆಯ ಗರಿಗಳಲ್ಲಿಯೂ ಪದಪದಕ್ಕೆ ಎಡೆಬಿಟ್ಟು ಬರೆಯುವ ಪದ್ಧತಿಯಿರಲಿಲ್ಲ. ಅಕ್ಷರಗಳು ಇರುವೆಯ ಸಾಲಿನಂತೆ ಒಂದರ ಹಿಂದೊಂದು ನಡೆದಿರುತ್ತಿದ್ದುವು. ಎಲ್ಲಿ ಒಂದು ಪದ ಮುಗಿದು ಮತ್ತೊಂದು ಆರಂಭವಾಗುವುದೆಂಬುದನ್ನು ಓದುವವನೇ ಬಿಡಿಸಿಕೊಳ್ಳಬೇಕಾಗಿತ್ತು. ಅರ್ಥ ತಿಳಿಯದೆ ಬಿಡಿಸುವುದು ಸಾಧ್ಯವಿರಲಿಲ್ಲ. ಅಚ್ಚಿನ ಯಂತ್ರವು ಬಂದು ಪದಗಳನ್ನು ಬಿಡಿಸಿ ಕೊಟ್ಟಿತು. ನಾಲಗೆಗೆ ಸುಖವಾಯಿತು; ಬುದ್ಧಿಗೆ ಇದ್ದ ಒಂದು ನಿತ್ಯದ ವ್ಯಾಯಾಮವು ತಪ್ಪಿತು.

ಧ್ವನಿಯನ್ನು ಮಾತ್ರ ಕಾಪಾಡುವ ಓದಿಗೂ ಅದರದೇ ಆದ ಗೌರವವಿಲ್ಲದಿಲ್ಲ. ನಮ್ಮ ಓಣಿಯ ಮಕ್ಕಳು ಬೆಳಗ್ಗೆ ಎದ್ದು ಖುರಾನಿನ ಪಾಠಕ್ಕೆ ಹೋಗುವರು. ಅದರ ಪ್ರತಿಗಳಲ್ಲಿ ಸ್ವರಚಿಹ್ನೆಗಳನ್ನೆಲ್ಲ ತಪ್ಪದೆ ಹಾಕಿರುವರು. ಅರಬ್ಬಿಯನ್ನರಿಯದ ಮಗುವಿನ ಬಾಯಲ್ಲಿಯೂ ಧ್ವನಿ ಕೆಡಬಾರದೆಂಬುದೇ ಅದರ ಉದ್ದೇಶ. ವೇದಪಾಠಶಾಲೆಯಲ್ಲಿ ನಾವು ಮಾಡಿದುದೂ ಇದನ್ನೇ. ಆದರೆ ಎರಡು ಪರಂಪರೆಗಳ ಹಿರಿಯರೂ ಅಷ್ಟಕ್ಕೆ ನಿಲ್ಲಲಿಲ್ಲವೆಂಬುದು ಗಮನಾರ್ಹವು. ಅಲ್ಲಿ ತಫ್ಸೀರ್ ಎಂಬ ಅರ್ಥವಿವರಣೆಯ ಶಾಸ್ತ್ರವೇ ಬೆಳೆಯಿತು. ಇಲ್ಲಿ ಭಾಷ್ಯ ವ್ಯಾಖ್ಯಾನಗಳು ಬೆಳೆದುವು. ವೇದವನ್ನು ಕಲಿತೂ ಅದರ ಅರ್ಥವನ್ನರಿಯದವನನ್ನು ಹೊರೆ ಹೊತ್ತು ನಿಂತ ಕಂಬಕ್ಕೆ ಹೋಲಿಸಿದ ಮಾತು ಯಾಸ್ಕನ ನಿರುಕ್ತದಲ್ಲಿದೆ. ಪಾಣಿನೀಯ ಶಿಕ್ಷೆಯು ಕೆಟ್ಟ ಓದುಗರ ಆರು ಬಗೆಗಳನ್ನು ಎಣಿಸುವಾಗ, ರಾಗವಾಗಿ ಎಳೆಯುವವನು, ಅವಸರಪಡುವವನು, ತಲೆಯಲ್ಲಾಡಿಸುವವನು ಮೊದಲಾದವರ ಸಾಲಿನಲ್ಲಿಯೇ ಅರ್ಥವನ್ನರಿಯದವನನ್ನೂ ಸೇರಿಸಿರುವುದು. ನಮ್ಮ ಇಂದಿನ ಶಾಲೆಗಳೋ ಧ್ವನಿಯ ಪಾಠವನ್ನು ಉಳಿಸಿಕೊಂಡು ಅರ್ಥದ ಪಾಠವನ್ನು ಗೈಡು ಪುಸ್ತಕಗಳಿಗೆ ಒಪ್ಪಿಸಿಬಿಟ್ಟಿವೆ.

ಇದರಿಂದ ಸಂಸಾರಗಳಿಗೆ ಏನು ಹಾನಿ ಎಂದು ಕೇಳಬಹುದು. ನಾನು ಬಲ್ಲ ಒಂದು ಕುಟುಂಬದ ಸಂಗತಿಯನ್ನು ಹೇಳುವೆನು. ಅವರದು ಕಮಲಾಪುರದ ಕಡೆಯ ಒಂದು ಹಳ್ಳಿ. ತಾಯಿ ಅನಕ್ಷರಸ್ಥೆ, ವಿಧವೆ. ಮಗನು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಗುಣಗಳನ್ನು ಪಡೆದವನು. ಊರವನೊಬ್ಬನು ಸಾಲ ಮಾಡಹೊರಟು, ಕಾಗದಕ್ಕೆ ಇವರ ಹೆಬ್ಬೆಟ್ಟು ಬೇಕೆಂದು ಬಂದನು. ತಾಯಿಯು ಬುದ್ಧಿವಂತೆ, ಹಾಗೆಯೇ ಒತ್ತಲಿಲ್ಲ. "ಮದಲ ಓದು ತಮ್ಮಾ, ಏನ್ ಬರದಾರ ನೋಡು" ಎಂದಳು. ಹುಡುಗನು ಮೊದಲಿನಿಂದ ಕೊನೆಯ ವರೆಗೆ ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಓದಿದನು. "ಏನಂತದ?" ಎಂದು ಅವಳು ಕೇಳಿದಳು. "ಏನಿಲ್ಲವ್ವಾ, ಅವ ರೊಕ್ಕ ತಗೊಂಡಾನಂತ, ನೀ ಸಾಕ್ಷಿ ಅದಿ ಅಂತ ಅದ" ಎಂದನು. ಹೆಬ್ಬೆಟ್ಟು ಬಿದ್ದಿತು. ವರ್ಷ ತುಂಬುವುದರೊಳಗೆ ನೋಟೀಸು ಬಂದಿತು. ಅವಳು ಸಾಕ್ಷಿಯಾಗಿರಲಿಲ್ಲ, ಜಾಮೀನುದಾರಳಾಗಿದ್ದಳು. ಸಾಲ ಮಾಡಿದವನು ಊರು ಬಿಟ್ಟಿದ್ದನು. ಕಟ್ಟಿದ ಎರಡು ಎಮ್ಮೆಗಳು ಹೋದುವು; ಎರಡು ಸುಗ್ಗಿಯ ತೊಗರಿಯೂ ಹೋಯಿತು. ಹೊಲವೊಂದು ಹೇಗೋ ಉಳಿಯಿತು.

ಆ ನೋಟೀಸನ್ನೂ ಮೊದಲಿನ ಕರಾರುಪತ್ರದ ಪ್ರತಿಯನ್ನೂ ಹಿಡಿದುಕೊಂಡು ಹುಡುಗನು ಪರಿಚಿತರೊಬ್ಬರ ಮೂಲಕ ನನ್ನಲ್ಲಿಗೆ ಬಂದನು. ಪತ್ರವನ್ನು ಓದೆಂದೆನು. ಓದಿದನು, ತಪ್ಪಿಲ್ಲ. ಆ ಪತ್ರದಲ್ಲಿ ಮೂಲ ಸಾಲಗಾರನು ಪಾವತಿಸದ ಪಕ್ಷದಲ್ಲಿ ಜಾಮೀನುದಾರರೇ ಹೊಣೆಯೆಂದು ಬರೆದಿತ್ತು. 'ಪಾವತಿಸಿದ ಪಕ್ಷದಲ್ಲಿ', 'ಪಾವತಿಸದ ಪಕ್ಷದಲ್ಲಿ', ಇವೆರಡಕ್ಕೂ ಇರುವ ವ್ಯತ್ಯಾಸವೆಷ್ಟು? ಸಕಾರದ ಮೇಲಿನ ಒಂದು ಗುಡಿಸು. ಆ ಗುಡಿಸಿದ್ದರೆ ಕೊಟ್ಟಂತಾಯಿತು, ಇಲ್ಲದಿದ್ದರೆ ಕೊಡದಂತಾಯಿತು. ಮಾಡಿದ, ಮಾಡದ, ಕೂಡಿದ, ಕೂಡದ, ಬೇಡಿದ, ಬೇಡದ. ಕನ್ನಡದಲ್ಲಿ 'ಅಲ್ಲ' ಎಂಬ ಅರ್ಥವು ಹೀಗೆ ಪದದ ಹೊಟ್ಟೆಯೊಳಗೆ ಸದ್ದಿಲ್ಲದೆ ಕುಳಿತಿರುವುದು. ಹುಡುಗನ ನಾಲಗೆ ಅದನ್ನು ಸರಿಯಾಗಿಯೇ ಉಚ್ಚರಿಸಿತ್ತು. ಬುದ್ಧಿಯು ಅದರ ಹತ್ತಿರಕ್ಕೆ ಹೋಗಿರಲಿಲ್ಲ.

ಆಗ ನಾನು ನಮ್ಮ ಪಾಠಶಾಲೆಯ ಹಳೆಯ ಕ್ರಮದಂತೆ ಅವನನ್ನು ಪ್ರಶ್ನಿಸುತ್ತ ಹೋದೆನು. "ಕ್ರಿಯಾಪದ ಯಾವುದು? ಹೊಣೆಯಾಗುವವರು ಯಾರು? ಯಾವಾಗ ಹೊಣೆಯಾಗುವರು? ಯಾರು ಏನನ್ನು ಮಾಡದಿದ್ದರೆ?" ನಾಲ್ಕನೆಯ ಪ್ರಶ್ನೆಗೆ ಹುಡುಗನು ಸುಮ್ಮನಾದನು. ಬಹಳ ಹೊತ್ತಿನ ಮೇಲೆ, "ಹಿಂಗ ಯಾರೂ ಕೇಳಿದ್ದಿಲ್ರೀ" ಎಂದನು. ಹತ್ತು ವರ್ಷ ಓದಿ ಪಾಸಾದ ಹುಡುಗನ ಮಾತು ಇದು.

ಅವನು ಅಷ್ಟು ಗುಣಗಳನ್ನು ಹೇಗೆ ಪಡೆದನೆಂದು ಆಶ್ಚರ್ಯಪಡುವವರಿಗೆ ಒಂದು ಸಣ್ಣ ಪರೀಕ್ಷೆಯನ್ನು ಒಡ್ಡುವೆನು. 'ಗಿಮ್ಮೂರಿನ ತೊರಡನು ಸಂಜೆಯಲ್ಲಿ ಚಿಪುಲಿಯನ್ನು ಕಲುಪಿದನು.' 'ಸಂಜೆಯಲ್ಲಿ' ಎಂಬುದೊಂದನ್ನು ಬಿಟ್ಟು ಈ ವಾಕ್ಯದ ಮಿಕ್ಕ ಪದಗಳನ್ನು ನಾನೇ ಕಲ್ಪಿಸಿರುವೆನು. ಅವುಗಳಿಗೆ ಯಾವ ಅರ್ಥವೂ ಇಲ್ಲ. ಈಗ ಪ್ರಶ್ನೆ: ತೊರಡನು ಏನನ್ನು ಕಲುಪಿದನು? ಚಿಪುಲಿಯನ್ನು. ಯಾವಾಗ? ಸಂಜೆಯಲ್ಲಿ. ಅವನು ಯಾವ ಊರಿನವನು? ಗಿಮ್ಮೂರಿನವನು. ಮೂರಕ್ಕೆ ಮೂರು ಗುಣಗಳೂ ಬಂದುವು! ಪಾಠದ ಕೊನೆಯಲ್ಲಿ ಕೊಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಅದರ ಅಕ್ಕಪಕ್ಕದ ಪದವನ್ನು ಬರೆದಿಟ್ಟರೆ ಉತ್ತರವಾಗುವುದು. ಜಾಣಮಕ್ಕಳು ಈ ಉಪಾಯವನ್ನು ಬೇಗನೆ ಕಲಿತುಕೊಳ್ಳುವರು. ಮಂದರು ಗೈಡನ್ನು ಬಾಯಿಪಾಠ ಮಾಡುವರು.

೨೦೨೫ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯು ಶೇಕಡಾ ೪೨.೪೩ರ ಫಲಿತಾಂಶದೊಡನೆ ರಾಜ್ಯದ ಪಟ್ಟಿಯ ಕಡೆಯಲ್ಲಿ ನಿಂತಿತು. ಇದಕ್ಕೆ ಕಾರಣಗಳು ಹಲವು. ಬಡತನವಿದೆ, ಗುಳೆ ಹೋಗುವ ಕುಟುಂಬಗಳಿವೆ, ಮಾಸ್ತರರಿಲ್ಲದ ಶಾಲೆಗಳಿವೆ. ಎಲ್ಲವನ್ನೂ ಓದಿನ ಒಂದು ದೋಷದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಗಣಿತದ ಲೆಕ್ಕವನ್ನಾಗಲಿ ವಿಜ್ಞಾನದ ಪ್ರಶ್ನೆಯನ್ನಾಗಲಿ ಮೊದಲು ಓದಿ ತಿಳಿಯಬೇಕಷ್ಟೆ. ಓದಿನ ಬಾಗಿಲು ಮುಚ್ಚಿದ್ದರೆ ಮಿಕ್ಕ ವಿದ್ಯೆಗಳೆಲ್ಲ ಹೊರಗೇ ನಿಲ್ಲಬೇಕಾಗುವುದು. ದೇಶದ ಹಳ್ಳಿಗಳಲ್ಲಿ ೨೦೦೫ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯು ಐದನೆಯ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯೂ ಎರಡನೆಯ ತರಗತಿಯ ಪಾಠವನ್ನು ಓದಲಾರರೆಂದು ೨೦೨೪ರಲ್ಲಿಯೂ ಕಂಡಿತು. ಅದು ಅಳೆಯುವುದು ಮುಖ್ಯವಾಗಿ ಗಟ್ಟಿಯಾಗಿ ಓದುವ ಶಕ್ತಿಯನ್ನು. ಅದನ್ನು ದಾಟಿದ ಮಕ್ಕಳಲ್ಲಿ ಅರ್ಥವನ್ನು ಹಿಡಿಯುವವರೆಷ್ಟೆಂಬ ಪ್ರಶ್ನೆ ಇನ್ನೂ ಬೇರೆ. ೨೦೨೧ರಲ್ಲಿ ಆರಂಭವಾದ 'ನಿಪುಣ ಭಾರತ' ಯೋಜನೆಯು ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಮಗುವು ಅರ್ಥಸಹಿತವಾಗಿ ಓದಬೇಕೆಂಬ ಗುರಿಯನ್ನಿಟ್ಟಿತು. ಗುರಿಯೇನೋ ಸರಿಯಾದುದೇ. ಆದರೆ ಯೋಜನೆಗಳು ಶಾಲೆಯ ಬಾಗಿಲವರೆಗೆ ಬರಬಲ್ಲುವು. ಮನೆಯೊಳಗಿನ ಸಂಜೆ ಗೃಹಸ್ಥರ ಕೈಯಲ್ಲಿದೆ.

ಈ ಸಂಜೆಯಲ್ಲಿ ಮಾಡಬೇಕಾದುದೇನು? ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾದುದಿಲ್ಲ. ನಮ್ಮ ವ್ಯಾಖ್ಯಾನಕಾರರು ಒಂದು ಗ್ರಂಥವನ್ನು ವಿವರಿಸುವುದಕ್ಕೆ ಐದು ಅಂಗಗಳನ್ನು ಹೇಳಿರುವರು: ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ. ಹೆಸರುಗಳು ದೊಡ್ಡವಾದರೂ ಕೆಲಸಗಳು ಸಣ್ಣವು. ಹತ್ತು ವರ್ಷದ ಮಗುವಿಗೂ ಸಾಧ್ಯವಾದುವು. ಒಂದೊಂದನ್ನೂ ಮನೆಮಾತಿನಲ್ಲಿ ಹೇಳುವೆನು.

ಮೊದಲನೆಯದು ಪದವನ್ನು ಬಿಡಿಸುವುದು. 'ಮಳೆಯಿಲ್ಲದೂರಿನಲ್ಲೊಬ್ಬ' ಎಂದಿದ್ದರೆ, ಮಳೆ, ಇಲ್ಲದ, ಊರಿನಲ್ಲಿ, ಒಬ್ಬ ಎಂದು ಮಗುವೇ ಬಿಡಿಸಿ ಹೇಳಲಿ. ಎರಡನೆಯದು ಪದದ ಅರ್ಥ. ಇಲ್ಲಿ ನಿಘಂಟಿಗಿಂತ ಮೊದಲು ಊಹೆಗೆ ಅವಕಾಶವಿರಲಿ. ಸುತ್ತಲಿನ ವಾಕ್ಯಗಳಿಂದ ಏನಿರಬಹುದೆಂದು ಕೇಳಿ, ಬಳಿಕ ನೋಡತಕ್ಕುದು. ಮೂರನೆಯದು ವಿಗ್ರಹ, ಎಂದರೆ ಸಮಾಸವನ್ನು ಒಡೆಯುವುದು. 'ಸಾಲಗಾರ' ಎಂದರೆ ಸಾಲ ಕೊಟ್ಟವನೋ, ತೆಗೆದುಕೊಂಡವನೋ? 'ಭೂಹೀನ' ಎಂದರೆ ಕೆಟ್ಟ ಭೂಮಿಯುಳ್ಳವನೋ, ಭೂಮಿಯಿಲ್ಲದವನೋ? ಇಂತಹ ಪದಗಳಲ್ಲಿಯೇ ಮಕ್ಕಳು ಜಾರುವರು.

ನಾಲ್ಕನೆಯದು ವಾಕ್ಯಯೋಜನೆ, ಇದಕ್ಕೆ ಅನ್ವಯವೆಂದೂ ಹೆಸರು. ಸಂಸ್ಕೃತಪಾಠದಲ್ಲಿ ಖಂಡಾನ್ವಯವೆಂಬ ಕ್ರಮವಿರುವುದು. ಮೊದಲು ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಯಾರಿಗೆ, ಯಾವುದರಿಂದ, ಎಲ್ಲಿ, ಎಂದು, ಏಕೆ ಎಂದು ಕೇಳುತ್ತ, ಒಂದೊಂದು ಪ್ರಶ್ನೆಗೂ ಶ್ಲೋಕದಲ್ಲಿಯ ಒಂದೊಂದು ಪದವನ್ನು ಉತ್ತರವಾಗಿ ಹೆಕ್ಕಿಕೊಳ್ಳುವುದು. ಕನ್ನಡದಲ್ಲಿ ಕ್ರಿಯಾಪದವು ಸಾಧಾರಣವಾಗಿ ವಾಕ್ಯದ ತುದಿಯಲ್ಲಿ ಬರುವುದು. ಉದ್ದವಾದ ವಾಕ್ಯದಲ್ಲಿ ಮಗುವಿನ ಗಮನವು ತುದಿ ಮುಟ್ಟುವುದರೊಳಗೆ ಸೋತಿರುವುದು. ಆದುದರಿಂದ ತುದಿಯನ್ನೇ ಮೊದಲು ಹಿಡಿಯುವ ಈ ಕ್ರಮವು ಕನ್ನಡಕ್ಕೆ ವಿಶೇಷವಾಗಿ ಒಗ್ಗುವುದು. ಪದಗಳು ಕೂಡಿ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನೈಯಾಯಿಕರು ಹೇಳುವರು. 'ನೇಗಿಲು, ಬಾವಿ, ಅಂಗಡಿ, ಅಣ್ಣ' ಎಂಬಲ್ಲಿ ಒಂದು ಪದಕ್ಕೆ ಮತ್ತೊಂದರ ಅಪೇಕ್ಷೆಯಿಲ್ಲ. ಆದುದರಿಂದ ಅದು ವಾಕ್ಯವಲ್ಲ. ಬೆಂಕಿಯಿಂದ ಹೊಲವನ್ನು ನೆನೆಸಿದನೆಂದರೆ ಪದಗಳು ಕೂಡಿದರೂ ಸಂಗತಿ ಕೂಡುವುದಿಲ್ಲ. ಬೆಳಗ್ಗೆ ಒಂದು ಪದವನ್ನು, ಸಂಜೆ ಮತ್ತೊಂದು ಪದವನ್ನು ಹೇಳಿದರೂ ಅರ್ಥವಾಗದು. ಈ ಮೂರನೆಯದರ ಸೂಕ್ಷ್ಮವನ್ನು ನೋಡಿರಿ. ಅಕ್ಷರವನ್ನು ಕೂಡಿಸಿ ಕೂಡಿಸಿ ಎಡವುತ್ತ ಓದುವ ಮಗುವಿಗೆ ಕೊನೆಯ ಪದ ಬರುವಷ್ಟರಲ್ಲಿ ಮೊದಲನೆಯದು ಮರೆತಿರುವುದು. ಆದುದರಿಂದ ತಡೆಯಿಲ್ಲದ ಓದು ಮೊದಲು ಬರಲೇಬೇಕು. ಅದು ಅರ್ಥವಲ್ಲವಾದರೂ ಅರ್ಥಕ್ಕೆ ಹೊಸ್ತಿಲು.

ಐದನೆಯದು ಆಕ್ಷೇಪಸಮಾಧಾನ, ಓದಿದುದನ್ನು ಪ್ರಶ್ನಿಸುವುದು. ಇದು ಹೀಗೇಕೆ? ಹಿಂದಿನ ಪುಟದಲ್ಲಿ ಬೇರೆಯಾಗಿ ಹೇಳಿದೆಯಲ್ಲ? ಬರೆದವನು ಹೇಳದೆ ಬಿಟ್ಟಿರುವುದೇನು? ಮಗುವು ಈ ಪ್ರಶ್ನೆಗಳನ್ನು ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ಗದರಿಸಬಾರದು. ಓದಿನ ಫಲವೇ ಅದು. ಇನ್ನು ಇಡಿಯ ಒಂದು ಪಾಠದ ತಾತ್ಪರ್ಯವನ್ನು ತಿಳಿಯುವುದಕ್ಕೆ ಮೀಮಾಂಸಕರು ಆರು ಗುರುತುಗಳನ್ನು ಕೊಟ್ಟಿರುವರು. ಆರಂಭವೂ ಮುಕ್ತಾಯವೂ ಏನನ್ನು ಹೇಳುವುವು, ಯಾವ ಮಾತು ಮತ್ತೆ ಮತ್ತೆ ಬರುವುದು, ಹೊಸದಾಗಿ ಹೇಳಿದುದೇನು, ಅದರಿಂದ ಪ್ರಯೋಜನವೇನು, ಯಾವುದನ್ನು ಹೊಗಳಿದೆ ಅಥವಾ ಹಳಿದಿದೆ, ಯುಕ್ತಿ ಯಾವುದು. ಈ ಆರನ್ನು ಕೇಳಿಕೊಂಡರೆ ಪಾಠದ ಸಾರವು ತಾನಾಗಿಯೇ ಕೈಗೆ ಬರುವುದು.

ಇವೆಲ್ಲ ಹಳೆಯ ಪಂಡಿತರ ಮಾತೆಂದು ಯಾರೂ ಅಲಕ್ಷಿಸಬಾರದು. ೧೯೪೬ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ನರು ವಿದ್ಯಾರ್ಥಿಗಳಿಗೆ ಐದು ಹೆಜ್ಜೆಗಳ ಕ್ರಮವೊಂದನ್ನು ಹೇಳಿದರು. ಮೊದಲು ಪಾಠದ ಮೇಲೆ ಕಣ್ಣಾಡಿಸು, ಪ್ರಶ್ನೆಗಳನ್ನು ಮಾಡಿಕೋ, ಓದು, ಪುಸ್ತಕ ಮುಚ್ಚಿ ಹೇಳು, ಮತ್ತೆ ತಿರುವಿ ನೋಡು ಎಂಬುದೇ ಅದು. ೧೯೮೪ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಇಬ್ಬರು ವಿದುಷಿಯರು, ಅರ್ಥ ಹಿಡಿಯಲಾರದ ಮಕ್ಕಳಿಗೆ ಸಾರ ಹೇಳುವುದು, ಪ್ರಶ್ನೆ ಕೇಳುವುದು, ತಿಳಿಯದುದನ್ನು ಬಿಡಿಸಿಕೊಳ್ಳುವುದು, ಮುಂದೇನೆಂದು ಊಹಿಸುವುದು, ಈ ನಾಲ್ಕನ್ನು ಗುರುಶಿಷ್ಯರ ಸ್ಥಾನವನ್ನು ಅದಲುಬದಲು ಮಾಡಿ ಕಲಿಸಿ, ಮಕ್ಕಳು ಬಹಳವಾಗಿ ಸುಧಾರಿಸಿದರೆಂದು ತೋರಿಸಿಕೊಟ್ಟರು. ದೇಶಕಾಲಗಳು ಬೇರೆಯಾದರೂ ಮನುಷ್ಯನ ಬುದ್ಧಿ ನಡೆಯುವ ದಾರಿ ಒಂದೇ.

ಒಂದೇ ಪದವನ್ನು ಹೇಗೆ ಓದುವೆವೆಂಬುದರ ಮೇಲೆ ಎಷ್ಟು ನಿಂತಿರುವುದೆಂಬುದಕ್ಕೆ ನಮ್ಮ ಜಿಲ್ಲೆಯೇ ಒಂದು ದೊಡ್ಡ ನಿದರ್ಶನವನ್ನು ಕೊಟ್ಟಿದೆ. ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇಲ್ಲಿಯ ಮರ್ತೂರಿನವನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಸ್ಮೃತಿಯಲ್ಲಿ ಬರುವ 'ಸಪಿಂಡ' ಎಂಬ ಪದದಲ್ಲಿಯ ಪಿಂಡವೆಂದರೆ ದೇಹವೆಂದೂ, ಒಂದೇ ದೇಹದ ಅಂಶವುಳ್ಳವರು ಸಪಿಂಡರೆಂದೂ ಅವನು ಓದಿದನು. ವಂಗದೇಶದ ಜೀಮೂತವಾಹನನು ತನ್ನ 'ದಾಯಭಾಗ'ದಲ್ಲಿ ಅದೇ ಪಿಂಡವನ್ನು ಶ್ರಾದ್ಧದಲ್ಲಿ ಅರ್ಪಿಸುವ ಪಿಂಡವೆಂದು ಓದಿದನು. ಈ ಎರಡು ಓದುಗಳಿಂದ ಹಿಂದೂ ಸಂಸಾರಗಳ ಆಸ್ತಿಯು ಯಾರ ಬಳಿಕ ಯಾರಿಗೆ ಸೇರಬೇಕೆಂಬ ಕ್ರಮವು ದೇಶದಲ್ಲಿ ಎರಡಾಗಿ ಒಡೆಯಿತು. ೧೮೧೦ರಲ್ಲಿ ಕೋಲ್‌ಬ್ರೂಕನು ಎರಡರ ದಾಯಪ್ರಕರಣಗಳನ್ನೂ ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳು ಆ ಭಾಷಾಂತರಗಳನ್ನೇ ಮುಂದಿಟ್ಟುಕೊಂಡು ತೀರ್ಪು ಕೊಡುತ್ತ ಬಂದುವು. ೧೯೫೬ರ ಉತ್ತರಾಧಿಕಾರದ ಕಾಯಿದೆ ಬರುವವರೆಗೂ ಎಷ್ಟೋ ಮನೆಗಳ ಹೊಲ ತೋಟಗಳು ಈ ಎರಡಕ್ಷರದ ಅರ್ಥದ ಮೇಲೆ ನಿಂತಿದ್ದುವು. ಕಮಲಾಪುರದ ತಾಯಿಯ ಎಮ್ಮೆಗಳು ಒಂದು ಗುಡಿಸಿನ ಮೇಲೆ ನಿಂತಿದ್ದುದರಲ್ಲಿ ಆಶ್ಚರ್ಯವೇನು?

ಇನ್ನೊಂದು ಮಾತನ್ನು ಹೇಳದಿದ್ದರೆ ಈ ವಿಷಯವು ಅರ್ಧವಾಗುವುದು. ಪ್ರಶ್ನೆಯ ಕ್ರಮಗಳೆಷ್ಟಿದ್ದರೂ, ಓದುವ ವಸ್ತುವಿನ ಪೂರ್ವಪರಿಚಯವಿಲ್ಲದೆ ಅರ್ಥವು ಪೂರ್ತಿಯಾಗುವುದಿಲ್ಲ. ೧೯೮೮ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬವರು ಅಮೆರಿಕದ ಮಕ್ಕಳಿಗೆ ಅಲ್ಲಿಯ ಚೆಂಡಾಟದ ವಿಷಯವಾಗಿ ಒಂದು ಪಾಠವನ್ನು ಓದಿಸಿದರು. ಓದಿನಲ್ಲಿ ಮಂದರಾದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಚುರುಕಾದರೂ ಆಟವನ್ನರಿಯದ ಮಕ್ಕಳಿಗಿಂತ ಚೆನ್ನಾಗಿ ತಿಳಿದುಕೊಂಡರು. ಇದನ್ನು ನಾನು ನಮ್ಮ ಪಡಸಾಲೆಯಲ್ಲಿಯೇ ಕಂಡಿರುವೆನು. ಒಂದು ದಿನ ತೊಗರಿಯ ಬೆಳೆಯ ವಿಷಯವಾಗಿ ನಾಲ್ಕು ಪುಟದ ಬರಹವನ್ನು ಓದಿಸಿದೆನು. ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದ ತೊಗರಿಯಲ್ಲವೆ ನಮ್ಮದು! ಯಾವಾಗಲೂ ಹಿಂದೆ ಕುಳಿತು ಎಡವುತ್ತ ಓದುವ, ಕಮಲಾಪುರದ ಕಡೆಯಿಂದ ಬಂದು ಬಂಧುಗಳ ಮನೆಯಲ್ಲಿರುವ ಹುಡುಗನು ಅಂದು ಎಲ್ಲರಿಗಿಂತ ಮುಂದಾದನು. ಹೂಬಿಡುವ ಕಾಲಕ್ಕೆ ಮಂಜು ಮುಸುಕಿದರೆ ಏನಾಗುವುದೆಂದು ಪುಸ್ತಕದಲ್ಲಿ ಇಲ್ಲದುದನ್ನೂ ಹೇಳಿದನು. ಪೇಟೆಯ ಚುರುಕು ಹುಡುಗರು ಬಾಯಿ ಮುಚ್ಚಿಕೊಂಡು ಕೇಳಿದರು. ಕರಾರುಪತ್ರದ ಮಾದರಿಯೊಂದನ್ನು ಓದಿಸಿದ ದಿನ ಮುಂದಾದವಳು ನಮ್ಮ ನೆರೆಮನೆಯ ಬಾಲಿಕೆ. ಜಾಮೀನು, ಕರಾರು, ವಸೂಲಿ, ಜಪ್ತಿ, ಈ ಮಾತುಗಳೆಲ್ಲ ಅವಳ ಮನೆಮಾತಿನ ಕಡೆಯಿಂದಲೇ ಕನ್ನಡಕ್ಕೆ ಬಂದವುಗಳು. ಕನ್ನಡದ ಮಕ್ಕಳಿಗೆ ಅವಳೇ ಅರ್ಥ ಹೇಳಿಕೊಟ್ಟಳು.

ಇದರಿಂದ ತಂದೆತಾಯಿಗಳು ಗ್ರಹಿಸಬೇಕಾದುದು ಸ್ಪಷ್ಟವಾಗಿದೆ. ಮಗುವಿನ ಮನೆಮಾತು ಯಾವುದೇ ಇರಲಿ, ಅದನ್ನು ಓದಿಗೆ ಅಡ್ಡಿಯೆಂದು ತಿಳಿಯಬಾರದು. ಅದೇ ಓದಿನ ಮೂಲಧನ. ಕನ್ನಡದಲ್ಲಿ ಓದಿದುದನ್ನು ದಖನಿಯಲ್ಲಿಯೋ ಮರಾಠಿಯಲ್ಲಿಯೋ ಲಂಬಾಣಿಯಲ್ಲಿಯೋ ಹೇಳಿ ತೋರಿಸಿದರೆ, ತಿಳಿದಿದೆಯೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ನಮ್ಮ ತಂದೆಯವರು ನಿಜಾಮರ ಆಳಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಶಾಲೆಯಲ್ಲಿ ಉರ್ದುವಿನಲ್ಲಿ ಓದಿದ ಪಾಠವನ್ನು ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾಗುತ್ತಿತ್ತಂತೆ; ಹೇಳದಿದ್ದರೆ ಅವಳು ಊಟಕ್ಕೆ ಎಬ್ಬಿಸುತ್ತಿರಲಿಲ್ಲವಂತೆ. ಅಜ್ಜಿಗೆ ಯಾವ ಅಕ್ಷರವೂ ಬಾರದು. ಆದರೆ ಅವಳಿಗಿಂತ ಒಳ್ಳೆಯ ಪರೀಕ್ಷಕರನ್ನು ತಾನು ಮುಂದೆಂದೂ ಕಾಣಲಿಲ್ಲವೆಂದು ತಂದೆಯವರು ಹೇಳುತ್ತಿದ್ದರು. ನಮ್ಮ ಮಳಖೇಡದ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು, ಈ ನಾಡಿನ ಜನರು ಪುಸ್ತಕ ಹಿಡಿದು ಕಲಿಯದಿದ್ದರೂ ಕಾವ್ಯದ ಮಾತಿನಲ್ಲಿ ಜಾಣರೆಂದು ಹೊಗಳಿರುವುದಷ್ಟೆ. ಆ ಜಾಣತನಕ್ಕೆ ಅಕ್ಷರವಿರಲಿಲ್ಲ, ಅರಿವಿತ್ತು. ಇಂದು ನಮ್ಮ ಮಕ್ಕಳಿಗೆ ಅಕ್ಷರವಿದೆ. ಅರಿವನ್ನು ಅದರ ಜೊತೆಗೆ ಸೇರಿಸಬೇಕಾಗಿದೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೆ. ದಿನಕ್ಕೆ ಕಾಲು ಗಂಟೆಯ ಹೊತ್ತು ಮೊಬೈಲನ್ನು ಬದಿಗಿಟ್ಟು ಮಗುವಿನ ಹತ್ತಿರ ಕುಳಿತುಕೊಳ್ಳಿರಿ. ನಿಮಗೆ ಓದು ಬರದಿದ್ದರೂ ಚಿಂತೆಯಿಲ್ಲ. ಶಾಲೆಯ ಪುಸ್ತಕವೇ ಆಗಬೇಕೆಂದಿಲ್ಲ. ವಿದ್ಯುತ್ತಿನ ಬಿಲ್ಲು, ಔಷಧದ ಚೀಟಿ, ಪಡಿತರದ ಅಂಗಡಿಯ ಹಲಗೆ, ಬ್ಯಾಂಕ್ ಪಾಸುಪುಸ್ತಕದ ಹಿಂದಿನ ಸಣ್ಣ ಅಕ್ಷರಗಳು, ಯಾವುದಾದರೂ ಆಗಬಹುದು. ಮಗುವು ಒಂದು ಸಲ ಗಟ್ಟಿಯಾಗಿ ಓದಲಿ. ಬಳಿಕ ಅದನ್ನು ಮುಚ್ಚಿಟ್ಟು, ತನ್ನ ಮಾತಿನಲ್ಲಿ ಹೇಳಲಿ. ಹೇಳಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿರಿ: ಯಾರು ಏನು ಮಾಡಬೇಕೆಂದಿದೆ? ಮಾಡದಿದ್ದರೆ ಏನಾಗುವುದೆಂದಿದೆ? ಇದರಲ್ಲಿ ಹೇಳದೆ ಬಿಟ್ಟಿರುವುದೇನು? ಉತ್ತರ ಬಾರದಿದ್ದರೆ ಬೈಯಬೇಡಿರಿ. ಮತ್ತೊಮ್ಮೆ ನಿಧಾನವಾಗಿ ಓದಲು ಹೇಳಿರಿ. ವಾರಕ್ಕೊಮ್ಮೆ ಪಾತ್ರವನ್ನು ಬದಲಿಸಿ, ಮಗುವೇ ನಿಮ್ಮನ್ನು ಪ್ರಶ್ನಿಸಲಿ.

ಒಂದು ವರ್ಷ ಹೀಗೆ ನಡೆದರೆ ಪರೀಕ್ಷೆಯ ಗುಣಗಳು ಹೆಚ್ಚಬಹುದು, ಹೆಚ್ಚದಿರಲೂಬಹುದು. ಅದರ ಮಾತನ್ನು ನಾನು ಕೊಡಲಾರೆನು. ಆದರೆ ಆ ಮಗುವಿನ ಮನೆಗೆ ಯಾರಾದರೂ ಒಂದು ಕಾಗದವನ್ನು ಹಿಡಿದು ಬಂದ ದಿನ, ಮನೆಯವರು ಅದರ ಮೇಲೆ ಹೆಬ್ಬೆಟ್ಟನ್ನೊತ್ತುವ ಮೊದಲು, ಆ ಮಗುವು ಒಂದು ಪದದ ಮೇಲೆ ಬೆರಳಿಟ್ಟು, "ಸ್ವಲ್ಪ ತಡೆಯಿರಿ" ಎನ್ನುವುದು. ಅಷ್ಟಾದರೆ ವಿದ್ಯೆಯು ಸಾರ್ಥಕವಾಯಿತು.